ಬುಧವಾರ ಹುಟ್ಟಿದ ಕೋಚ್

ಎಬೋ ಆ ಕಾಗದವನ್ನು ಮೂರನೆಯ ಸಲ ಓದಿದ. ಬರೆದವರ ಹೆಸರಿಲ್ಲ. ಲಕೋಟೆಯ ಮೇಲೆ ಮಾತ್ರ ಅವನ ಹೆಸರು, ಹುದ್ದೆ ಎಲ್ಲವೂ ದುಂಡಗೆ ಇದ್ದವು. "ಕೋಚ್ ಕ್ವಾಕು ಸಾರ್ಪೋಂಗ್ ಅವರ ಪಾಸ್‌ಪೋರ್ಟಿನಲ್ಲಿರುವ ಹುಟ್ಟಿದ ದಿನಾಂಕ ಯಾವ ವಾರಕ್ಕೆ ಬೀಳುತ್ತದೆ, ಎಣಿಸಿ ನೋಡಿ. ನಿಜ ಬೇಕಿದ್ದರೆ ಒಬುವಾಸಿಗೆ ಹೋಗಿ. ಪ್ರಾರ್ಥನಾ ಮಂದಿರದ ಹಿಂದೆ, ನೀಲಿ ಬಾಗಿಲಿನ ಮನೆ. ಅವರ ತಾಯಿ ಸಿಗುತ್ತಾರೆ."

ಎಣಿಸಿದ. ಶನಿವಾರ ಬಂತು.

ನಮ್ಮಲ್ಲಿ ಹುಟ್ಟಿದ ವಾರವೇ ಮಗುವಿನ ಹೆಸರು. ಬುಧವಾರದವನು ಕ್ವಾಕು, ಮಂಗಳವಾರದವನು ಎಬೋ. ಶನಿವಾರ ಹುಟ್ಟಿದ ಮಗುವನ್ನು ಕ್ವಾಕು ಎಂದು ಯಾವ ತಾಯಿಯೂ ಕರೆಯುವುದಿಲ್ಲ. ಅಂದಮೇಲೆ ಪಾಸ್‌ಪೋರ್ಟು ಸುಳ್ಳು ಹೇಳುತ್ತಿದೆ. ಎಬೋಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅದಕ್ಕೆ ಕಾರಣವಿತ್ತು. ಹನ್ನೆರಡು ವರ್ಷದ ಹಿಂದೆ ಕುಮಾಸಿಯ ಮೈದಾನದಲ್ಲಿ ಫುಟ್‌ಬಾಲ್ ಸಂಘದ ಕಿರಿಯರ ತಂಡದ ಆಯ್ಕೆ ನಡೆದಿತ್ತು. ಇದೇ ಕೋಚ್ ಎಬೋನ ಜನನ ಪತ್ರ ನೋಡಿ, ಬೆರಳು ಮಡಿಚಿ ಎಣಿಸಿ, "ಮಗಾ, ನಿನ್ನ ಹೆಸರು ಮಂಗಳವಾರ ಅನ್ನುತ್ತೆ, ಕಾಗದ ಭಾನುವಾರ ಅನ್ನುತ್ತೆ. ಮೊದಲು ಇಬ್ಬರನ್ನೂ ರಾಜಿ ಮಾಡಿಸ್ಕೊಂಡು ಬಾ" ಎಂದಿದ್ದರು. ನಲವತ್ತು ಹುಡುಗರು ಬಿದ್ದು ಬಿದ್ದು ನಕ್ಕಿದ್ದರು. ಹತ್ತೊಂಬತ್ತನ್ನು ಹದಿನಾರು ಮಾಡಿಸಿದ್ದೇನೋ ನಿಜವೇ. ಆದರೆ ತಪ್ಪು ತನ್ನದೇ ಎಂದು ಗೊತ್ತಿದ್ದರೆ ಅವಮಾನ ಕಡಿಮೆಯಾಗುತ್ತದೆಯೇ? ಆಟ ಬಿಟ್ಟು ಓದಿದ, ಅದೇ ಸಂಘದಲ್ಲಿ ದಾಖಲೆಗಳನ್ನು ನೋಡಿಕೊಳ್ಳುವ ಅಧಿಕಾರಿಯಾದ. ಆ ನಗು ಮಾತ್ರ ಕಿವಿ ಬಿಟ್ಟು ಹೋಗಲಿಲ್ಲ.

ಕೋಚ್‌ಗೆ ಈ ವಾರ ಐವತ್ತೈದು ತುಂಬುತ್ತಿತ್ತು. ಸಂಘದ ನಿಯಮದಂತೆ ಐವತ್ತೈದಕ್ಕೆ ಮನೆಗೆ. ದೇಶದ ತಂಡದಲ್ಲಿ ಹತ್ತು ವರ್ಷ ಮಿಡ್‌ಫೀಲ್ಡರ್ ಆಗಿದ್ದವರು, ಬೆಲ್ಜಿಯಂನಲ್ಲೂ ಆಡಿ ಬಂದವರು. ತಂಡ ಬಿಡಲು ಅವರಿಗೆ ಎಳ್ಳಷ್ಟೂ ಮನಸ್ಸಿಲ್ಲವೆಂದು ಕಚೇರಿಯ ಗೋಡೆಗಳಿಗೂ ಗೊತ್ತಿತ್ತು. ಶನಿವಾರ ಬೀಳ್ಕೊಡುಗೆ, ಹೊದಿಸಲು ಕೆಂಟೆ ಬಟ್ಟೆ ತಂದಾಗಿತ್ತು. ಆಟಗಾರರು ವಯಸ್ಸು ಇಳಿಸುವುದು ಹೊಸದೇನಲ್ಲ. ಈ ಮುದುಕನಿಗೆ ಅರವತ್ತಾದರೂ ಆಗಿರಬೇಕು, ಐದು ವರ್ಷ ಪುಕ್ಕಟೆ ಕುರ್ಚಿ ಬಿಸಿ ಮಾಡಿದ್ದಾನೆ ಎಂದುಕೊಂಡ ಎಬೋ. ಬೀಳ್ಕೊಡುಗೆಯ ದಿನವೇ ಮಾನ ಹರಾಜು ಹಾಕಬೇಕು. ಅಧ್ಯಕ್ಷರಿಗೆ ಹೇಳಿ ಗಣಿಯೂರು ಒಬುವಾಸಿಯ ವ್ಯಾನು ಹತ್ತಿದ.

ನೀಲಿ ಬಾಗಿಲು ತೆರೆದೇ ಇತ್ತು. ಮುದುಕಿ ಯಾರು, ಏನು ಎಂದು ಕೇಳದೆ ಕೈಗೆ ನೀರು ಕೊಟ್ಟು, ಫುಫು ಮುದ್ದೆ ಮತ್ತು ಮೇಕೆ ಸಾರಿನ ಬಟ್ಟಲನ್ನು ಮುಂದಿಟ್ಟಳು. ಎಬೋ ಉಣ್ಣುತ್ತಾ, ಮೆಲ್ಲಗೆ ಮಗ ಹುಟ್ಟಿದ ಮಾತು ತೆಗೆದ.

"ಕಾರು ಲಾರಿ ಎಲ್ಲ ಎಡಗಡೆ ಬಿಟ್ಟು ಬಲಗಡೆ ಓಡೋಕೆ ಶುರುವಾಯ್ತಲ್ಲ, ಆ ಭಾನುವಾರ ತುಂಬಿದ ಬಸುರಿ ನಾನು. ರಸ್ತೆ ದಾಟೋಕೆ ಹೆದರಿ ಮನೇಲೇ ಕೂತಿದ್ದೆ. ಬುಧವಾರ ಇವನು ಹುಟ್ಟಿದ" ಎಂದಳು ಮುದುಕಿ.

ದೇಶದಲ್ಲಿ ರಸ್ತೆಯ ಬದಿ ಬದಲಾದದ್ದು ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಆಗಸ್ಟಿನಲ್ಲಿ. ಪಾಸ್‌ಪೋರ್ಟಿನಲ್ಲಿದ್ದದ್ದು ಎಪ್ಪತ್ತೊಂದು. ಎಬೋ ತುತ್ತು ಬಿಟ್ಟು ಬೆರಳು ಮಡಿಚಿ ಎಣಿಸಿದ. ಕೋಚ್ ವಯಸ್ಸು ಇಳಿಸಿರಲಿಲ್ಲ, ಏರಿಸಿದ್ದರು. ಅವರಿಗೆ ಈಗ ಐವತ್ತೆರಡು.

ತಂದೆ ಜ್ವರದಲ್ಲಿ ತೀರಿಕೊಂಡಾಗ ಮಗನಿಗೆ ಹದಿನೈದು, ಬೆನ್ನಿಗೆ ನಾಲ್ವರು ತಮ್ಮ ತಂಗಿಯರಿದ್ದರು ಎಂದಳು ತಾಯಿ. ಗಣಿಯ ತಂಡ ಸೇರಿದರೆ ಸಂಬಳ ಉಂಟು, ಆದರೆ ಹದಿನೆಂಟಾಗಿರಬೇಕು. ಗುಮಾಸ್ತ ಕೇಳಿದ, ಹುಡುಗ ಹದಿನೆಂಟು ಎಂದ. ಆಮೇಲೆ ಅದೇ ಎಲ್ಲ ಕಡೆ ನಡೆದುಕೊಂಡು ಬಂತು. ಪ್ರಾರ್ಥನಾ ಮಂದಿರಕ್ಕೂ ಅವಳೇ ಕರೆದೊಯ್ದಳು. ನಾಮಕರಣದ ಹಳೆಯ ಪುಸ್ತಕವನ್ನು ಪಾದ್ರಿಗಳು ಆಗಲೇ ಮೇಜಿನ ಮೇಲೆ ತೆಗೆದಿಟ್ಟಿದ್ದರು. ಕೋಚ್ ಹುಟ್ಟಿದ ದಿನ ಬರೆದಿದ್ದ ಪುಟದ ನಕಲು ಪಡೆದು ಎಬೋ ವಾಪಸು ಹೊರಟ.

ವ್ಯಾನಿನಲ್ಲಿ ಕಿಟಕಿಯ ಪಕ್ಕ ಕೂತು ಲೆಕ್ಕ ಹಾಕಿದ. ನಕಲನ್ನು ಕಿಟಕಿಯಿಂದಾಚೆ ಎಸೆದರೆ ಕೋಚ್ ಶನಿವಾರ ಮನೆಗೆ ಹೋಗುತ್ತಾರೆ, ಕೇಳುವವರಿಲ್ಲ. ಕಚೇರಿಗೆ ಕೊಟ್ಟರೆ ಇನ್ನೂ ಮೂರು ವರ್ಷ ಮೈದಾನದಲ್ಲಿರುತ್ತಾರೆ. ಕಿಟಕಿಯ ಗಾಜನ್ನು ಎರಡು ಸಲ ಸರಿಸಿದ, ಎರಡು ಸಲ ಮುಚ್ಚಿದ. ಹದಿನೈದರ ಹುಡುಗ ಬಲಿತ ಗಂಡಸರ ನಡುವೆ ಒದೆ ತಿನ್ನುತ್ತಾ ಆಡಿದ್ದು ಕಣ್ಣಿಗೆ ಕಟ್ಟಿ, ಬೇಡವೆಂದರೂ ಕನಿಕರ ಹುಟ್ಟಿತು. ತಾನು ಸುಳ್ಳು ವಯಸ್ಸಿನ ಕಾಗದ ಕೊಟ್ಟಿದ್ದು ಒಂದು ಸಲ ಸಾಕು ಎನಿಸಿತು. ನಕಲನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟ.

ಸಮಿತಿಯವರು ಕೋಚ್‌ಗೆ ಸಣ್ಣಗೆ ಬೈದು, ದೊಡ್ಡದಾಗಿ ನಕ್ಕು, ಮೂರು ವರ್ಷ ಮುಂದುವರಿಸಿದರು. ಎಬೋಗೂ ಕೋಚ್‌ಗೂ ಎಣ್ಣೆ ಸೀಗೆಕಾಯಿ ಸಂಬಂಧವೆಂದು ಎಲ್ಲರಿಗೂ ಗೊತ್ತಿದ್ದರಿಂದ ಅವನು ತಂದ ಪುರಾವೆಯನ್ನು ಯಾರೂ ಎರಡನೆಯ ಸಲ ನೋಡಲಿಲ್ಲ. ಶನಿವಾರದ ಬೀಳ್ಕೊಡುಗೆ ಔತಣವಾಯಿತು. ಕೋಚ್ ತಟ್ಟೆ ಹಿಡಿದು ಬಂದು ಎಬೋನ ಪಕ್ಕದಲ್ಲೇ ಕೂತರು.

"ಆ ಕಾಗದ ಬರೆದವನು ಕೈಗೆ ಸಿಕ್ಕಿದ್ರೆ ಕೇಳ್ತಿದ್ದೆ ಕೋಚ್, ನಿಮ್ಮ ಮೇಲೆ ಅವನಿಗೇನು ದ್ವೇಷ ಅಂತ" ಎಂದ ಎಬೋ.

"ನಾನೇ ಬಂದು ಹೇಳಿದ್ರೆ ಕುರ್ಚಿ ಆಸೆಗೆ ಸುಳ್ಳು ಹೇಳ್ತಾನೆ ಅಂತಿದ್ರು, ಮಗಾ" ಎಂದರು ಕೋಚ್, ಅವನ ತಟ್ಟೆಗೆ ಮಾಂಸದ ತುಂಡು ಹಾಕುತ್ತಾ. "ಅದಕ್ಕೇ ಲಕೋಟೆ ಮೇಲೆ ನಿನ್ನ ಹೆಸರು ಬರೆದೆ."