ಕೆಂಪು ದಾರದ ಹೆಸರು

ಬಸ್ಸು ದಾವಣಗೆರೆಯನ್ನು ದಾಟುವವರೆಗೂ ಕೆಂಚವ್ವ ಸೆರಗಿನೊಳಗಿದ್ದ ಕಾರ್ಡನ್ನು ಹೊರತೆಗೆಯಲಿಲ್ಲ. ಸೊಸೆಯ ಟ್ರಂಕಿನಿಂದ ಅದನ್ನು ಕದ್ದು ಇನ್ನೂ ಒಂದು ಗಂಟೆ ಆಗಿರಲಿಲ್ಲ. ಹರಿಹರದ ಸೇತುವೆಯ ಮೇಲಿಂದ ಅದನ್ನು ಹೊಳೆಗೆ ಎಸೆಯಬೇಕಾಗಿತ್ತು. ಎಸೆಯುವಾಗ ಅದರ ಮೇಲಿನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಮಾತ್ರ ಮಾಟದ ಕಟ್ಟು ಬಿಚ್ಚುತ್ತದೆ ಎಂಬುದು ಅವಳ ನಂಬಿಕೆ. ಅವಳಿಗೆ ಓದು ಬರುತ್ತಿರಲಿಲ್ಲ. ಆದರೂ ಅದು ತನ್ನ ಒಬ್ಬನೇ ಮಗ ಮಾಲತೇಶನ ಹೆಸರೆಂಬುದರಲ್ಲಿ ಅವಳಿಗೆ ಸಂದೇಹವಿರಲಿಲ್ಲ.

ಇಂಥ ಮೂರು ಕಾರ್ಡುಗಳನ್ನು ಅವಳು ನೋಡಿದ್ದಳು. ಸೊಸೆ ವಿಮಲಾಕ್ಷಿ ಮ್ಯಾಟಿ ಬಟ್ಟೆಯ ಚೌಕಗಳನ್ನು ಎಣಿಸಿ, ಕ್ರಾಸ್ ಹೊಲಿಗೆಯಲ್ಲಿ ಗಿಳಿ, ಹೂವು ತುಂಬಿ, ನಡುವೆ ಕೆಂಪು ದಾರದಲ್ಲಿ ಹೆಸರು ಮೂಡಿಸಿ, ರಟ್ಟಿಗೆ ಅಂಟಿಸುತ್ತಿದ್ದಳು. ಹುಟ್ಟಿದ ಹಬ್ಬದ ಕಾರ್ಡು ಎನ್ನುತ್ತಿದ್ದಳು. ಕೆಂಚವ್ವ ಹತ್ತಿರದಿಂದ ನೋಡಿದ್ದಳು. ಪ್ರತಿ ಹೊಲಿಗೆಯೂ ಒಂದು ಕತ್ತರಿ ಗುರುತು. ರೇಷನ್ ಅಂಗಡಿಯವನು ಸತ್ತವರ ಹೆಸರಿನ ಮೇಲೆ ಎಳೆಯುವುದೂ ಅದೇ ಗುರುತು.

ದೀಪಾವಳಿಗೆ ಮೊದಲ ಕಾರ್ಡು ಕೆಂಚವ್ವನ ತಮ್ಮ ಗಿಡ್ಡಪ್ಪನಿಗೆ ಹೋಯಿತು. ಸಂಕ್ರಾಂತಿಗೆ ಅವನಿರಲಿಲ್ಲ. ಶಿವರಾತ್ರಿಗೆ ಎರಡನೆಯದು, ಪಕ್ಕದ ಮನೆಯ ಉಡಚಮ್ಮನಿಗೆ. ಯುಗಾದಿಯ ಬೇವು ಅವಳ ಬಾಯಿಗೆ ಬೀಳಲಿಲ್ಲ. ಮೂರನೆಯದು ವರ್ಷಕ್ಕೊಮ್ಮೆ ಹರಿಹರದಿಂದ ಬಂದು ಹಾಸಿಗೆಯ ಹತ್ತಿ ಹಿಂಜಿಕೊಡುತ್ತಿದ್ದ ಮಕ್ತುಮ್ ಸಾಬನಿಗೆ. ಅವನನ್ನು ಮಣ್ಣು ಮಾಡಿ ಈಗ ಒಂದು ತಿಂಗಳು.

ಮೂವರಿಗೂ ತಾವು ಹುಟ್ಟಿದ ದಿನ ಗೊತ್ತಿರಲಿಲ್ಲ. ಪ್ಲೇಗಿನ ಗುಡಿಸಲಿನಲ್ಲಿ ಹುಟ್ಟಿದವನಿಗೆ ಎಂಥ ದಿನ ಎಂದು ಗಿಡ್ಡಪ್ಪ ನಕ್ಕಿದ್ದ. ದಿನವನ್ನು ವಿಮಲಾಕ್ಷಿಯೇ ಗೊತ್ತು ಮಾಡಿದ್ದಳು. ಮೂರು ಸಲವೂ ಅದು ಬರುವ ವಾರದೊಳಗಿನ ದಿನವೇ ಆಗಿತ್ತು.

ಅಷ್ಟೇ ಆಗಿದ್ದರೆ ಕೆಂಚವ್ವ ಸುಮ್ಮನಿರುತ್ತಿದ್ದಳೇನೋ. ಆದರೆ ಕಾರ್ಡಿಗೆ ಮೊದಲು ಸೊಸೆ ಪ್ರತಿಯೊಬ್ಬರ ಮೈಯಿಂದಲೂ ಏನನ್ನಾದರೂ ತೆಗೆದುಕೊಂಡಿದ್ದಳು. ಮಕ್ತುಮ್ ಸಾಬ ಕೆಮ್ಮಿದ್ದನ್ನು ಮುಚ್ಚಳದ ಡಬ್ಬಿಗೆ ಉಗುಳಿಸಿಕೊಂಡಿದ್ದಳು. ಗಿಡ್ಡಪ್ಪ, ಉಡಚಮ್ಮ ಇಬ್ಬರ ಬೆರಳಿಗೂ ಸೂಜಿ ಚುಚ್ಚಿದ್ದಳು. ಹದಿನೈದು ದಿನಗಳ ಹಿಂದೆ ಕೆಂಚವ್ವನ ಉಂಗುರ ಬೆರಳಿಗೂ ಚುಚ್ಚಿ, ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿಕೊಂಡು ಹೋಗಿದ್ದಳು. ಮಗನನ್ನು ಕಟ್ಟಬೇಕಾದರೆ ತಾಯಿಯ ರಕ್ತಕ್ಕಿಂತ ಬೇರೇನು ಬೇಕು?

ಕಟ್ಟು ಬಿಗಿಯುತ್ತಲೂ ಇತ್ತು. ಎಂಟು ದಿನಗಳಿಂದ ಮಾಲತೇಶನಿಗೆ ಅನ್ನ ಸೇರುತ್ತಿರಲಿಲ್ಲ. ಮಿಲ್ಲಿನ ಕಚೇರಿಯಿಂದ ಬಂದವನು ತಾಯಿಯ ಮುಖ ನೋಡಿದೊಡನೆ ಎದ್ದು ಹೋಗುತ್ತಿದ್ದ. ನಿನ್ನೆ ಅವಳ ಕೈಯಿಂದ ಕೊಡವನ್ನು ಕಿತ್ತುಕೊಂಡು, “ನೀನು ನೀರು ಹೊರಬ್ಯಾಡ ಅವ್ವ” ಎಂದವನ ಕಣ್ಣು ಕೆಂಪಾಗಿತ್ತು. ಅವನು ನಾಗರಪಂಚಮಿಯಂದು ಹುಟ್ಟಿದವನು. ಪಂಚಮಿಗೆ ಇನ್ನು ಹತ್ತೇ ದಿನ.

ಹರಿಹರದಲ್ಲಿ ಇಳಿದು ಹೊಳೆಯ ಕಡೆ ನಡೆಯುವಷ್ಟರಲ್ಲಿ ಅವಳು ಎರಡು ಕಡೆ ಕುಳಿತು ಉಸಿರು ತೆಗೆದುಕೊಂಡಳು. ತಪ್ಪು ಹೆಸರು ಹೇಳಿದರೆ ಕಟ್ಟು ಬಿಚ್ಚದು, ಎಸೆಯುವ ಮೊದಲು ಒಮ್ಮೆ ಓದಿಸಲೇಬೇಕಿತ್ತು. ದಾವಣಗೆರೆಯಲ್ಲಿ ಯಾರಿಂದ ಓದಿಸಿದರೂ ಸುದ್ದಿ ಪಿ.ಜೆ. ಬಡಾವಣೆಯನ್ನು ಸುತ್ತಿ ಸೊಸೆಯ ಕಿವಿಗೆ ಬೀಳುತ್ತಿತ್ತು. ಮಕ್ತುಮ್ ಸಾಬನ ಮಗಳು ಬಿಲ್ಕೀಸ್ ಏಳನೆಯ ತರಗತಿಯವರೆಗೆ ಓದಿದ್ದಳು. ಅಪ್ಪನನ್ನು ಕಳೆದುಕೊಂಡವಳಿಗೆ ತನ್ನ ಮಾತು ಅರ್ಥವಾದೀತು ಎಂದು ಕೆಂಚವ್ವ ಲೆಕ್ಕ ಹಾಕಿದ್ದಳು.

“ನಾನವ್ವ, ಮಾಲತೇಶನ ತಾಯಿ” ಎಂದಳು, ಬಿಲ್ಕೀಸಳ ಬಾಗಿಲಲ್ಲಿ ನಿಂತು. ಪೇಟೆಗೆ ಬಂದಮೇಲೆ ಅವಳನ್ನು ಎಲ್ಲರೂ ಹಾಗೆಯೇ ಗುರುತಿಸುತ್ತಿದ್ದರು.

“ಬರ್ರಿ ಅಜ್ಜಿ, ಕೂಡ್ರಿ.”

ಗೋಡೆಯ ಮೇಲೆ ಹತ್ತಿ ಹಿಂಜುವ ಬಿಲ್ಲು ತೂಗುತ್ತಿತ್ತು. ಅದರ ಪಕ್ಕದಲ್ಲಿ ಆ ಕಾರ್ಡು. ಕೆಂಚವ್ವ ಅದರಿಂದ ದೂರ ಸರಿದು ಕುಳಿತಳು.

“ಇದನ್ನ ಇನ್ನಾ ಮನ್ಯಾಗೆ ಇಟ್ಕೊಂಡೀಯಲ್ಲವ್ವ. ನಿಮ್ಮಪ್ಪನ್ನ ತಗಂಡಿದ್ದೇ ಇದು.”

ಬಿಲ್ಕೀಸ್ ಅವಳನ್ನೇ ನೋಡಿದಳು. “ನಿಮ್ಮ ಸೊಸಿ ದವಾಖಾನ್ಯಾಗೆ ಏನು ಕೆಲ್ಸ ಮಾಡ್ತಾರೆ ಅಂತ ಗೊತ್ತೈತಾ ಅಜ್ಜಿ?”

“ಚೀಟಿ ಬರೀತಾಳೆ.”

“ಚೀಟಿ ಬರಿಯೋರು ಬ್ಯಾರೆ. ಅವ್ರು ದುರ್ಬೀನಿನಾಗೆ ರಕ್ತ, ಕಫ ನೋಡೋರು. ನಮ್ಮ ಅಬ್ಬಂದು ಕಾಯಿಲೆ ಕೈ ಮೀರೈತೆ ಅಂತ ಮೊದ್ಲು ಗೊತ್ತಾಗಿದ್ದೇ ಅವ್ರಿಗೆ. ಡಾಕ್ಟ್ರು ನಮಗೆ ಹೇಳಿದ್ರು, ಅಬ್ಬಗೆ ಹೇಳಬ್ಯಾಡ್ರಿ ಅಂದ್ರು. ಎಪ್ಪತ್ತು ವರ್ಸದಾಗೆ ಅಬ್ಬ ಒಂದು ಹುಟ್ಟಿದ ಹಬ್ಬ ಕಂಡಿರ್ಲಿಲ್ಲ. ಇದೊಂದಾದ್ರೂ ಆಗ್ಲಿ ಅಂತ ನಿಮ್ಮ ಸೊಸಿ ಹೊಲಿದು ತಂದುಕೊಟ್ರು. ಅಬ್ಬ ಇದನ್ನ ಎದಿ ಮ್ಯಾಲೆ ಇಟ್ಕೊಂಡೇ ಕಣ್ಣು ಮುಚ್ಚಿದ್ರು.”

ಗಿಡ್ಡಪ್ಪ ಆ ದಿನ ಕಾರ್ಡನ್ನು ಓಣಿಗೆಲ್ಲ ತೋರಿಸಿಕೊಂಡು ತಿರುಗಿದ್ದು ಕೆಂಚವ್ವನಿಗೆ ನೆನಪಾಯಿತು. ನಾಚಿಕೆಯಾಯಿತು. ಅದರ ಹಿಂದೆಯೇ ಮೊದಲಿಗಿಂತ ದೊಡ್ಡ ಭಯ ಎದ್ದು ನಿಂತಿತು. ಮಾಟವಾಗಿದ್ದರೆ ಹೊಳೆಗೆ ಎಸೆಯಬಹುದಾಗಿತ್ತು. ಇದನ್ನು ಎಲ್ಲಿಗೆ ಎಸೆಯುವುದು? ಅನ್ನ ಬಿಟ್ಟವನು, ಕಣ್ಣು ತಪ್ಪಿಸುವವನು ಮಾಲತೇಶ.

ಸೆರಗಿನಿಂದ ಕಾರ್ಡನ್ನು ತೆಗೆದು ಕೊಟ್ಟಳು.

“ಓದವ್ವ. ಮಾಲತೇಶ ಅಂತ ಐತೇನು?”

ಬಿಲ್ಕೀಸ್ ಕೆಂಪು ದಾರದ ಅಕ್ಷರಗಳ ಮೇಲೆ ಬೆರಳಾಡಿಸಿದಳು.

“ಇಲ್ಲ ಅಜ್ಜಿ. ಮಾಲತೇಶಣ್ಣನ ಹೆಸರಲ್ಲ.”

ಕೆಂಚವ್ವ ಹೊಳೆಯ ಕಡೆ ತಿರುಗಿ ಕೈಮುಗಿದಳು. ಮಗ ಉಳಿದ. ಇನ್ನು ಯಾರದಾದರೇನು, ಮನೆಗೆ ಹೋಗಿ ಕಾರ್ಡನ್ನು ಇದ್ದಲ್ಲೇ ಇಟ್ಟು, ಸೊಸೆಗೆ ನಾಲ್ಕು ರೊಟ್ಟಿ ತಟ್ಟಿ ಹಾಕಬೇಕು. ಅವಳು ಕಾರ್ಡಿಗಾಗಿ ಕೈ ಚಾಚಿದಳು.

ಬಿಲ್ಕೀಸ್ ಅದನ್ನು ಕೊಡಲಿಲ್ಲ. ಮುದುಕಿಯ ಉಂಗುರ ಬೆರಳಿನ ತುದಿಯಲ್ಲಿ ಇನ್ನೂ ಮಾಯದೆ ಉಳಿದಿದ್ದ ಸೂಜಿಯ ಕಪ್ಪು ಚುಕ್ಕೆಯನ್ನು ಅವಳು ನೋಡುತ್ತಿದ್ದಳು.

“ಅಜ್ಜಿ,” ಎಂದಳು ಮೆಲ್ಲಗೆ, “ನಿಮ್ಮ ಹೆಸ್ರು ಏನ್ರಿ?”