ಸರ್ಕಲ್ ಬಳಿ ಎಡಕ್ಕೆ

"ಸರ್ಕಲ್ ಹತ್ರ ಎಡಕ್ಕೆ ತಿರುಗಿಸ್ಬೇಡ. ಆ ರಸ್ತೇಲಿ ಬರೀ ಹಂಪು," ಎಂದು ಯಜಮಾನರು ಬೆಳಿಗ್ಗೆಯೇ ಡ್ರೈವರ್ ಮಾದಪ್ಪನಿಗೆ ತಾಕೀತು ಮಾಡಿದ್ದರು. ಆ ಜರ್ಮನ್ ಕಾರಿನ ಮುಂದಿನ ಚಕ್ರಗಳನ್ನು ಹಿಡಿದಿಡುವ ಕಂಟ್ರೋಲ್ ಆರ್ಮ್‌ಗಳ ರಬ್ಬರ್ ಬುಷ್ ಹರಿದುಹೋಗಿತ್ತು. ಮಾರುವ ಕಾರಿಗೆ ಖರ್ಚು ಯಾಕೆ ಎಂಬುದು ಯಜಮಾನರ ವಾದ.

ಕಾರು ಕೊಳ್ಳಲು ಬಂದ ಹೆಂಗಸು ಹಿಂದಿನ ಸೀಟಿನಲ್ಲಿ ಕೂತು ಮೊದಲು ಕೇಳಿದ್ದೇ ಅದನ್ನು. "ಆರ್ಮ್ ಬದಲಾಯಿಸಿದ್ದೀರಾ?"

"ಹೋದ ತಿಂಗಳೇ ಹಾಕ್ಸಿದ್ದೀನಿ ಮೇಡಂ, ಎರಡೂ ಕಡೆ," ಎಂದ ಯಜಮಾನರು ಹಾಡಿನ ಸದ್ದು ಏರಿಸಿದರು.

ಸರ್ಕಲ್ ಬಂತು. ಮಾದಪ್ಪ ಹಾಡು ನಿಲ್ಲಿಸಿ ಎಡಕ್ಕೆ ತಿರುಗಿಸಿದ. ಮೊದಲ ಹಂಪಿಗೇ ಕೆಳಗಿನಿಂದ ಟಕ್ ಎಂದಿತು. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಗಡಗಡ ನಡುಗಿತು.

"ತಲೆ ಕೆಟ್ಟಿದ್ಯೇನೋ ನಿಂಗೆ?"

"ತಲೆ ನೆಟ್ಟಗೈತೆ ಸಾರ್. ಆರ್ಮ್ ಕೆಟ್ಟೈತೆ."

"ಇಳಿಯೋ ಕೆಳಗೆ! ನಾಳೆಯಿಂದ ಕೆಲಸಕ್ಕೆ ಬರ್ಬೇಡ."

ಮಾದಪ್ಪ ಗಾಡಿ ಬದಿಗೆ ಹಾಕಿ, ಕೀ ಅವರ ಕೈಗಿಟ್ಟು ಇಳಿದ. ಹಿಂದೆಯೇ ಆ ಹೆಂಗಸೂ ಇಳಿದು ಬಂದರು.

"ನಂಗೆ ಈ ಕಾರು ಬೇಡ, ನಿಮ್ಮಂಥ ಡ್ರೈವರ್ ಬೇಕು. ನಾಳೆಯಿಂದ ನಮ್ಮನೆಗೆ ಬನ್ನಿ."

ಮಾದಪ್ಪ ಕೈಮುಗಿದ.

"ನಮ್ಮ ಹಳೇ ಕಾರು ನೋಡೋಕೆ ನಾಳೆ ಒಬ್ರು ಬರ್ತಾರೆ," ಹೆಂಗಸು ದನಿ ತಗ್ಗಿಸಿದರು. "ಅದಕ್ಕೂ ಇದೇ ಕಾಯಿಲೆ. ಅವರನ್ನ ಮಾತ್ರ ಈ ರಸ್ತೆಗೆ ಕರ್ಕೊಂಡು ಬರ್ಬೇಡಿ."

ಮಾದಪ್ಪ ಮುಗಿದ ಕೈ ಇಳಿಸಿದ.

"ಸರ್ಕಲ್ ಬಂದ್ರೆ ನಾನು ಎಡಕ್ಕೇ ತಿರುಗ್ಸೋದು ಮೇಡಂ."