ಬವುರೊ ಕೇಳಿ ತಂದ ಹೊಗೆಸೊಪ್ಪು

ಬವುರೊ ಇವತ್ತೂ ಮರದ ಮೇಲೆ ಹಾಡಲಿಲ್ಲ. ನೀರಾ ಇಳಿಸಲು ತೆಂಗಿನ ಮರ ಹತ್ತಿದ ಗಂಡಸು ಗಂಟಲು ಬಿಚ್ಚಿ ಹಾಡದಿದ್ದರೆ ಒಂದೋ ಅವನಿಗೆ ಮೈ ಸರಿಯಿಲ್ಲ, ಇಲ್ಲವೇ ಅವನು ಮರದ ಮೇಲೆಯೇ ಇಲ್ಲ. ತಬೇತಾ ಜಗಲಿಯಿಂದ ಇಳಿದು ಹೋಗಿ ನೋಡಿದಳು. ಕತ್ತಿ ಮರದ ಬುಡದಲ್ಲಿ ಬಿದ್ದಿತ್ತು. ಗಂಡ ನಾಪತ್ತೆ.

ಅನುಮಾನ ಹೊಸದಲ್ಲ. ರಾಜಧಾನಿ ತರಾವಾದ ಆಸ್ಪತ್ರೆಯಿಂದ ದ್ವೀಪಕ್ಕೆ ವಾಪಸು ಬಂದಾಗಿನಿಂದ ಅವನ ರೀತಿಯೇ ಬೇರೆಯಾಗಿತ್ತು. ಮಾತಾಡಿಸಿದರೆ ಮುಖ ತಿರುಗಿಸುತ್ತಿದ್ದ. ಎಲ್ಲಿಗೆ ಹೋಗಿದ್ದೆ ಎಂದರೆ ಹಾಂ ಹೂಂ ಅನ್ನುತ್ತಿದ್ದ. ಅಂಗಿಯ ಜೇಬಿನ ತುಂಬ ಕರಿ ಹೊಗೆಸೊಪ್ಪಿನ ವಾಸನೆ. ನಿನ್ನೆ ಅವನು ಸ್ನಾನಕ್ಕೆ ಹೋದಾಗ ಅವಳು ಆ ಜೇಬನ್ನು ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ, ಮೂಗಿಗೆ ಒತ್ತಿ ಹಿಡಿದು, ಹೊಲಿಗೆಯ ಸಂದನ್ನೆಲ್ಲ ಉಗುರಿನಿಂದ ಕೆದಕಿದ್ದಳು. ಸಿಕ್ಕಿದ್ದು ಒಂದಿಷ್ಟು ಪುಡಿ, ಅಷ್ಟೇ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಕುತ್ತಿಗೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳ ಮುಕ್ಕಾಲು ಪಾಲು ಕಟ್ಟಿಕೊಂಡಿದೆ. ಅಲ್ಲಿಂದ ಒಂದು ಚೂರು ಕಳಚಿ ಮೇಲೆ ಹೋದರೆ ಮಾತು ಹೋಗಬಹುದು, ಕೈಕಾಲು ಬೀಳಬಹುದು, ಜೀವವೇ ಹೋಗಬಹುದು. ಫಿಜಿಯಲ್ಲಿ ಕುತ್ತಿಗೆ ಕೊಯ್ದು ನಾಳ ಶುಚಿ ಮಾಡುತ್ತಾರೆ. ಆದರೆ ಹೊಗೆ ಬಿಡಲೇಬೇಕು. ಹೊರಡುವ ಮುಂಚೆ ರಕ್ತಪರೀಕ್ಷೆ ಇದೆ. ಸೇದಿದ್ದು ಗೊತ್ತಾದರೆ ಫಿಜಿಗೆ ಹೋಗುವ ಆ ಜಾಗ ಬೇರೆಯವರಿಗೆ.

"ಇಬ್ಬರೂ ಬಿಡಿ. ಒಂದೇ ಮನೇಲಿ ಒಬ್ಬರು ಸೇದ್ತಾ ಇನ್ನೊಬ್ಬರು ಬಿಡೋದು ಆಗೋ ಮಾತಲ್ಲ," ಅಂದಿದ್ದಳು ಡಾಕ್ಟರಮ್ಮ. ಬವುರೊ ಅಲ್ಲೇ, ನರ್ಸುಗಳ ಎದುರಿಗೇ, ಗಳಗಳನೆ ಅತ್ತುಬಿಟ್ಟಿದ್ದ. ಇಬ್ಬರೂ ಬೈಬಲ್ ಮುಟ್ಟಿ ಆಣೆ ಮಾಡಿ ಬಂದಿದ್ದರು.

ಅಂದಿನಿಂದ ರಕ್ತ ತೆಳುವಾಗಿಸುವ ಮಾತ್ರೆ ಗಂಟಲಿಗಿಳಿಯದೆ ಬವುರೊ ಬೆಳಗ್ಗೆ ಮನೆ ಬಿಡುತ್ತಿರಲಿಲ್ಲ. ಅಷ್ಟು ಭಯವಿರುವವನು ಕದ್ದು ಸೇದುತ್ತಾನೆಯೇ? ಸೇದುತ್ತಾನೆ. ಚಟ ಹತ್ತಿಸಿಕೊಂಡವರ ಬುದ್ಧಿ ಯಾವ ಸಂದಿಯಲ್ಲೆಲ್ಲ ನುಗ್ಗುತ್ತದೆ ಎಂದು ತಬೇತಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಾಮಾನು ತರುವ ಹಡಗು ಬಂದು ತಿಂಗಳ ಮೇಲಾಗಿತ್ತು. ಅಂಗಡಿಯಲ್ಲಿ ಹೊಗೆಸೊಪ್ಪು ಮುಗಿದಿತ್ತು. ಇದ್ದರೆ ಮನೆಗಳಲ್ಲಿ ಅಷ್ಟಿಷ್ಟು. ಅವಳು ನೇರವಾಗಿ ಪಕ್ಕದ ಮನೆಯ ಇಯೋತೆಬಾನ ಹತ್ತಿರ ಹೋದಳು. ಮುದುಕ ಹರಿದ ಬಲೆ ಹೊಲಿಯುತ್ತ ಕೂತಿದ್ದ. ಸದಾ ಅವನ ತುಟಿಯಲ್ಲಿ ನೇತಾಡುವ ಕೇದಗೆ ಎಲೆಯ ಚುಟ್ಟಾ ಇವತ್ತು ಇರಲಿಲ್ಲ.

"ಅಣ್ಣಾ, ನನ್ನ ಗಂಡ ಈ ಕಡೆ ಬಂದಿದ್ನಾ?"

"ಬಂದಿದ್ನಾ ಅಂತ ಕೇಳ್ತೀಯಲ್ಲಮ್ಮ! ಹೊತ್ತು ಹುಟ್ಟೋದೇ ತಡ, ದಿನಾ ಬರ್ತಾನೆ. 'ಬುಬುಸಿ, ನಿನ್ನ ಹತ್ರ ಇರೋ ಹೊಗೆಸೊಪ್ಪೆಲ್ಲ ಕೊಡು' ಅಂತಾನೆ. ಬುಬುಸಿ ಅಂತ ಬಾಯಿಬಿಟ್ಟು ಕೇಳಿದ್ಮೇಲೆ ಇಲ್ಲ ಅನ್ನೋಕಾಗುತ್ತಾ? ನಮ್ಮಪ್ಪ ಅಂದೋನಲ್ಲ, ನಾನೂ ಅನ್ನಲ್ಲ. ಆಚೆ ಊರಿಂದ ಅಕ್ಕನ ಮಗ ತಂದಿದ್ದೂ ಇವತ್ತು ಹೋಯ್ತು."

"ಎಲ್ಲಾನೂ ಕೊಟ್ಬಿಟ್ಯಾ? ಒಂದೆಳೆನಾದ್ರೂ ಇಟ್ಕೋಬಾರ್ದಿತ್ತಾ?"

"ಇಟ್ಕೊಂಡ್ರೆ ಸುಳ್ಳು ಹೇಳ್ದಂಗಲ್ವಾ? ಅದ್ಕೇ ನಾನೂ ಅವನ ಸೈಕಲ್ ಕೇಳ್ದೆ. ಕಮಕ್ ಕಿಮಕ್ ಅನ್ನದೆ ಕೊಟ್ಟ." ಮುದುಕ ಅವಳ ಮುಖ ನೋಡದೆ ಬಲೆಗೆ ಇನ್ನೊಂದು ಗಂಟು ಹಾಕಿದ.

ಬುಬುಸಿ ಎಂದು ಕೇಳಿದರೆ ಕೊಡಲೇಬೇಕು, ಅದು ದ್ವೀಪದ ಕಟ್ಟಳೆ, ಸರಿ. ಆದರೆ ದಿನಾ ಕೇಳುವವನನ್ನು ಊರು ಮನುಷ್ಯ ಎಂದು ಎಣಿಸುವುದಿಲ್ಲ. ಮುಂದಿನ ಮನೆಯಲ್ಲೂ ಅದೇ ಕಥೆ, ಅದರಾಚೆಯ ಮನೆಯಲ್ಲೂ. ಹೊಗೆಸೊಪ್ಪಿಗೆ ಪ್ರತಿಯಾಗಿ ಒಬ್ಬರು ಅವನ ಕೊಡಲಿ ಕೇಳಿದ್ದರು, ಇನ್ನೊಬ್ಬರು ಮೀನಿನ ಬಲೆ. ಊರ ಚಾವಡಿಯಲ್ಲಿ ಹಿರಿಯರ ಸಾಲಿನಲ್ಲಿ ಕೂರುತ್ತಿದ್ದವನನ್ನು ಈಗ ಹೆಂಗಸರು 'ಬುಬುಸಿ ತಾತ' ಎಂದು ಆಡಿಕೊಂಡು ನಗುತ್ತಿದ್ದರು. ತಬೇತಾಗೆ ಮೈಯೆಲ್ಲ ಉರಿಯಿತು. ಊರಿನಲ್ಲಿದ್ದ ಅಷ್ಟೂ ಹೊಗೆಸೊಪ್ಪು! ಅವನೊಬ್ಬನೇ!

ಕೊನೆಯ ಮನೆಯವರು ಎಳನೀರು ಕೊಟ್ಟರು. ಚಿಪ್ಪು ಅವಳ ಎಡಗೈಯಿಂದ ಜಾರಿ ಬಿತ್ತು. ಬೆರಳು ಜೋಮು ಹಿಡಿದಿದ್ದವು. ಸಿಟ್ಟು ನೆತ್ತಿಗೇರಿದರೆ ಹೀಗೇ ಎಂದುಕೊಂಡು ಕೈ ಕೊಡವಿದಳು. ಗಂಡ ಲಗೂನಿನ ಒಳಗಡಲ ಕಡೆ ಹೋದ ಎಂದು ಅವರು ಹೇಳಿದ್ದೇ ತಡ, ದಡದತ್ತ ದಾಪುಗಾಲು ಹಾಕಿದಳು.

ಬವುರೊ ಮೊಣಕಾಲುದ್ದದ ನೀರಿನಲ್ಲಿ ಬೆನ್ನು ಹಾಕಿ ನಿಂತಿದ್ದ. ಕೈಯಲ್ಲಿ ಬಟ್ಟೆಯ ಗಂಟು. ಹೊಗೆ ಮಾತ್ರ ಕಾಣಲಿಲ್ಲ.

"ಸಿಕ್ಕಿಬಿದ್ಯಾ, ಕಳ್ಳ ಮುದುಕ!"

ಅವನು ಬೆಚ್ಚಿಬಿದ್ದ. ಮರುಕ್ಷಣ ಗಂಟು ಬಿಚ್ಚಿ ಕೊಡವಿಬಿಟ್ಟ. ಕರಿ ಹೊಗೆಸೊಪ್ಪೆಲ್ಲ ನೀರಿಗೆ ಬಿದ್ದು ಹರಡಿಕೊಂಡಿತು. ತಬೇತಾ ಲುಂಗಿ ಎತ್ತಿಕೊಂಡು ನೀರಿಗಿಳಿದು ಅವನ ಮುಂದೆ ಕೈ ಚಾಚಿದಳು.

"ಉಳಿದಿದ್ದು ಕೊಡಿಲ್ಲಿ."

"ಏನೂ ಉಳಿದಿಲ್ಲ. ನೋಡು ಬೇಕಾದ್ರೆ."

"ಬಾಯಿ ತೆರಿ." ಅವಳು ಅವನ ಮುಖಕ್ಕೆ ಮೂಗು ತಂದು ಮೂಸಿದಳು. ನೀರಾ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವಳ ದನಿ ಕುಗ್ಗಿತು. "ಸೇದೋಕಲ್ದಿದ್ರೆ ಯಾಕೋ ಮಾನ ಬಿಟ್ಟು ಊರೆಲ್ಲ ಬೇಡಿದೆ?"

"ನೀರಿಗೆ ಹಾಕೋಕೆ." ಬವುರೊ ಬರಿದಾದ ಬಟ್ಟೆ ಹಿಂಡಿದ. "ನೀನು ಹೋಗಿ ಬುಬುಸಿ ಅಂದ್ರೆ ಈ ಊರಲ್ಲಿ ಯಾರು ತಾನೇ ಇಲ್ಲ ಅಂತಾರೆ, ತಬೇತಾ? ನನ್ನ ಹತ್ರ ಇದ್ದಿದ್ರೆ ನಾನೂ ಕೊಟ್ಬಿಡ್ತಿದ್ದೆ. ಫಿಜಿಗೆ ಹೊರಡೋಕೆ ನಾಳೆ ವಿಮಾನ ಹತ್ತೋತನಕ ಯಾರ ಹತ್ರನೂ ಇರಬಾರದು, ಅಷ್ಟೇ."

ಅವನು ಒದ್ದೆ ಕೈಯನ್ನು ಅವಳ ಬಲ ದವಡೆಯ ಕೆಳಗೆ, ಡಾಕ್ಟರಮ್ಮ ಸ್ಕ್ಯಾನ್ ಯಂತ್ರ ಒತ್ತಿ, ಕಟ್ಟಿಕೊಂಡ ನಾಳ ತೋರಿಸಿದ್ದ ಜಾಗದಲ್ಲಿ, ಮೆಲ್ಲಗೆ ಇಟ್ಟ.